ತಿಪ್ಪೆಯ ಮೇಲೆ ಮಲಗಿದ ದೊರೆ

ಒಂದಾನೊಂದು ಊರಲ್ಲಿ ತಿಪ್ಪವ್ವ ಅಂತ ಒಬ್ಬಳಿದ್ದಳಂತೆ. ಯಾವ ಊರು ಅಂತ ಕೇಳಬೇಡಿ. ಬೆಳಗಾಗೆದ್ದು ನೀರಿಗೆ ಹೋಗುವ ಹೆಂಗಸರಿರುವ ಯಾವ ಊರಾದರೂ ಆದೀತು. ಯಾವ ಕಾಲ ಅಂತಲೂ ಕೇಳಬೇಡಿ. ಬೆಟ್ಟಗಳು ಇನ್ನೂ ಎಳೆಯವಾಗಿದ್ದ ಕಾಲ, ಹಕ್ಕಿಗಳಿಗೆ ಮಾತು ಬರುತ್ತಿದ್ದ ಕಾಲ. ದೊರೆಗಳಿಗೆ ಮಾತ್ರ ಆಗಲೂ ಈಗಿನಷ್ಟೇ ಬುದ್ಧಿ.

ತಿಪ್ಪವ್ವನಿಗೆ ಆ ಹೆಸರು ಯಾಕೆ ಬಂತು ಅನ್ನೋದನ್ನ ಮೊದಲು ಹೇಳಬೇಕು. ಆ ಸೀಮೆಯಲ್ಲಿ ಒಂದು ಪದ್ಧತಿ. ಯಾರ ಮನೆಯಲ್ಲಿ ಹುಟ್ಟಿದ ಕೂಸುಗಳು ಉಳಿಯುವುದಿಲ್ಲವೋ ಅವರು ಮುಂದಿನ ಕೂಸು ಹುಟ್ಟಿದ ಕೂಡಲೇ ಅದನ್ನು ಮೊರದಲ್ಲಿ ಮಲಗಿಸಿ, ಮೊರವನ್ನು ತಿಪ್ಪೆಯ ಮೇಲೆ ಇಟ್ಟು, ಬೆನ್ನು ತಿರುಗಿಸಿ ನಿಲ್ಲಬೇಕು. 'ಇದು ನಮಗೆ ಬೇಡದ ಕಸ' ಅನ್ನಬೇಕು. ಸಾವು ಬಂದು ನೋಡುತ್ತದೆ, ಕಸಕ್ಕೆ ಯಾಕೆ ಕೈ ಹಾಕಲಿ ಅಂದುಕೊಂಡು ಮುಂದಕ್ಕೆ ಹೋಗುತ್ತದೆ. ಆಮೇಲೆ ಆ ಮನೆಗೆ ಸೇರದ ಯಾರಾದರೂ ಬಂದು, ಬಗ್ಗಿ, 'ಯಾರದೋ ಕಸ, ನನಗಿರಲಿ' ಅಂತ ಎತ್ತಿಕೊಳ್ಳಬೇಕು. ಎತ್ತಿಕೊಂಡವರಿಗೆ ಒಂದು ಹಿಡಿ ತೌಡು ಕೊಟ್ಟು ಹೆತ್ತವರು ಕೂಸನ್ನು ವಾಪಸ್ಸು ಕೊಂಡುಕೊಳ್ಳಬೇಕು. ತೌಡು ಕೈ ಬದಲಾಗುವವರೆಗೂ ತಾಯಿ ಮೊಲೆ ಕೊಡುವಂತಿಲ್ಲ. ಎತ್ತಿದವರೇ ಹೆಸರು ಇಡುತ್ತಾರೆ. ಹೆಸರಾದರೂ ಎಂಥದು? ಸಾವಿಗೆ ಆಸೆ ಹುಟ್ಟದಂಥ ಹೆಸರು.

ತಿಪ್ಪವ್ವ ಹುಟ್ಟಿದಾಗ, ಎತ್ತಿಕೊಳ್ತೀನಿ ಅಂದಿದ್ದ ನೆಂಟಳು ಬರಲೇ ಇಲ್ಲವಂತೆ. ಕೂಸು ತಿಪ್ಪೆಯ ಮೇಲೆ ಅತ್ತು ಅತ್ತು ನೀಲಿಗಟ್ಟಿತು. ಆಗ ದಾರಿಯಲ್ಲಿ ಬುಟ್ಟಿ ಮಾರುವ ಹೆಂಗಸೊಬ್ಬಳು ಹೋಗುತ್ತಿದ್ದಳು. ತಲೆಯ ಮೇಲೆ ಅವಳಿಗಿಂತ ಎತ್ತರದ ಬುಟ್ಟಿಗಳ ಹೊರೆ. ಅವಳು ನಿಂತಳು, ಹೊರೆ ಇಳಿಸಿದಳು, ಬಗ್ಗಿದಳು, ಎತ್ತಿದಳು. ತೌಡು ಇಸಕೊಂಡಳು, ಹೆಸರಿಟ್ಟಳು, ಹೋದಳು. ಯಾವ ಊರಿನವಳೋ, ಯಾರ ಮಗಳೋ.

"ಅಷ್ಟು ದೊಡ್ಡ ಹೊರೆಯನ್ನ ಅವಳ ತಲೆಗೆ ಮತ್ತೆ ಎತ್ತಿಕೊಟ್ಟವರು ಯಾರವ್ವ?" ಅಂತ ತಿಪ್ಪವ್ವ ಚಿಕ್ಕವಳಿದ್ದಾಗ ತಾಯಿಯನ್ನು ಕೇಳುತ್ತಿದ್ದಳಂತೆ.

"ನಿಮ್ಮಪ್ಪ ಒಂದು ಕೈ ಹಾಕಿದ ಕಣೇ. ಒಬ್ಬರಿಂದ ಆಗ್ತದಾ ಅದು?"

"ಅವಳು ನನ್ನನ್ನ ಯಾಕೆ ಎತ್ತಿದಳು?"

ತಾಯಿಗೆ ಅದು ಗೊತ್ತಿರಲಿಲ್ಲ. ತಿಪ್ಪವ್ವ ಬೆಳೆದಳು, ಮದುವೆಯಾದಳು, ಗಂಡನನ್ನು ಮಣ್ಣು ಮಾಡಿದಳು, ಕೂದಲು ನರೆಯಿತು. ಆ ಒಂದು ಮಾತು ಮಾತ್ರ ಅವಳೊಳಗೆ ಕೂತೇ ಇತ್ತು. ರಾಗಿ ಬೀಸುವಾಗ ಬರುತ್ತಿತ್ತು, ಕಳೆ ಕೀಳುವಾಗ ಬರುತ್ತಿತ್ತು. ಯಾಕೆ ಎತ್ತಿದಳು? ಬದುಕೋದಕ್ಕೆ ಅರ್ಥ ಏನು ಅಂತ ಚಿಂತೆ ಮಾಡುವುದು ಅರಮನೆಯವರ ಸೊತ್ತು ಅಂತ ಕೆಲವರು ತಿಳಿದಿದ್ದಾರೆ. ಕಳೆ ಕೀಳುವವಳ ಬೆನ್ನು ಬಗ್ಗಿರುತ್ತದೆ, ತಲೆ ಬಗ್ಗಿರುವುದಿಲ್ಲ.

ತಿಪ್ಪವ್ವನಿಗೆ ಒಬ್ಬಳೇ ಮಗಳು, ಪಾಲಕ್ಕ ಅಂತ. ಅವಳು ಹೆತ್ತ ಕೂಸುಗಳು ಒಂದೂ ನಿಲ್ಲಲಿಲ್ಲ. ಒಂದು ಹೋಯಿತು, ಇನ್ನೊಂದು ಹೋಯಿತು, ಈಗ ಮತ್ತೆ ದಿನ ತುಂಬಿತ್ತು. "ಈ ಸಲ ತಿಪ್ಪೆಗೆ ಇಡೋಣ" ಅಂತ ತಿಪ್ಪವ್ವ ಮೊರ ಸಾರಿಸಿ ಒಣಗಿಸಿ ಇಟ್ಟಳು. ಇಡುವುದೇನೋ ಸರಿ, ಎತ್ತುವವರು ಯಾರು? ಪಕ್ಕದ ಮನೆಯಲ್ಲಿ ಇದ್ದವಳು ದುರುಗವ್ವ. ಎರಡೂ ಮನೆಯ ನಡುವೆ ಇದ್ದದ್ದು ತಿಪ್ಪವ್ವನ ತಿಪ್ಪೆ. ದುರುಗವ್ವನ ಕೋಳಿಗಳು ಬಂದು ಆ ತಿಪ್ಪೆಯನ್ನು ದಿನವೂ ಕೆದರುತ್ತಿದ್ದವು. ಅದರ ಮೇಲೆ ಜಗಳವಾಗಿ ಇಬ್ಬರಿಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ತಿಪ್ಪವ್ವ ಆಚೆ ಬೀದಿಯ ಒಬ್ಬಳನ್ನು ಒಪ್ಪಿಸಿದ್ದಳು. ಸದ್ಯ ಅಂತ ಉಸಿರು ಬಿಟ್ಟಿದ್ದಳು.

ಹೀಗಿರುವಾಗ ಅರಮನೆಯಲ್ಲಿ ಒಂದು ಸಂಗತಿ ನಡೆಯಿತಂತೆ.

ಬೆಳಕು ಇನ್ನೂ ಹರಿಯುತ್ತಿತ್ತು. ದೊರೆ ಹಾಸಿಗೆಯಿಂದ ಎದ್ದು ಕೂತ. ಕಿಟಕಿಯಲ್ಲಿ ಬೂದಿ ಬಣ್ಣದ ಒಂದು ಹಕ್ಕಿ ಕೂತಿತ್ತು. ಅದು ಕತ್ತು ಓರೆ ಮಾಡಿ ಕೇಳಿತು: "ಯಾಕೆ ಎದ್ದೆ?"

"ರಾಜ್ಯ ಆಳೋದಕ್ಕೆ" ಅಂದ ದೊರೆ.

"ಯಾಕೆ ಆಳ್ತೀಯ?"

"ಜನ ಬದುಕಲಿ ಅಂತ."

"ಅವರು ಯಾಕೆ ಬದುಕಬೇಕು?"

ದೊರೆ ಕೈ ಬೀಸಿ ಅದನ್ನು ಓಡಿಸಲು ನೋಡಿದ. ಹಕ್ಕಿ ಹಾರಿ ಬಂದು ಅವನ ಹೆಗಲ ಮೇಲೆ ಕೂತಿತು. ಬಿಟ್ಟು ಹೋಗಲೇ ಇಲ್ಲ. ಉಂಡರೆ "ಯಾಕೆ ಉಂಡೆ?" ನಕ್ಕರೆ "ಯಾಕೆ ನಕ್ಕೆ?" ದೊರೆಯ ಕಾಲ ಕೆಳಗಿನ ನೆಲವೆಲ್ಲ ಮಂಜಿನ ಹಾಗೆ ತೆಳ್ಳಗಾಯಿತಂತೆ. ಗೋಡೆ ಮುಟ್ಟಿದರೆ ಗೋಡೆ ದೂರ, ಹೆಂಡತಿಯ ಮುಖ ನೋಡಿದರೆ ನೀರಿನಡಿ ಕಂಡ ಮುಖದ ಹಾಗೆ. ಪಂಡಿತರನ್ನು ಕರೆಸಿದ. ಅವರಲ್ಲಿ ಒಬ್ಬ ಮುದುಕ, "ಸ್ವಾಮಿ, ನನ್ನ ಹತ್ತಿರವೂ ಈ ಹಕ್ಕಿ ಬರುತ್ತದೆ, ನನಗೂ ಗೊತ್ತಿಲ್ಲ" ಅಂದ. ನಿಜ ಹೇಳಿದ. ನಿಜ ಹೇಳಿದ್ದಕ್ಕೆ ಅವನನ್ನು ಹೊರಗೆ ಕಳಿಸಿದರು.

ಆಮೇಲೆ ದೊರೆ ಏನು ಮಾಡಬೇಕು? ತನಗೆ ಉತ್ತರ ಸಿಗಲಿಲ್ಲ ಅಂತ ತಾನೊಬ್ಬ ಕೂತು ಒದ್ದಾಡಬಹುದಿತ್ತು. ಹಾಗೆ ಮಾಡಿದರೆ ಅವನು ದೊರೆ ಹೇಗಾದಾನು? ತಲೆನೋವು ತನಗೆ ಬಂದರೆ ಊರಿಗೆಲ್ಲ ಪಟ್ಟಿ ಕಟ್ಟಿಸುವವನೇ ದೊರೆ.

ಡಂಗುರ ಸಾರಿಸಿದ: "ಮನುಷ್ಯ ಯಾಕೆ ಬದುಕಬೇಕು ಅಂತ ತಿಳಿಯೋವರೆಗೂ ಈ ರಾಜ್ಯದಲ್ಲಿ ಯಾರೂ ಕೆಲಸ ಮಾಡುವಂತಿಲ್ಲ. ಎಲ್ಲರೂ ಕೂತು ಯೋಚನೆ ಮಾಡಬೇಕು."

ಡಂಗುರದವನು ತಲೆ ಕೆರೆದುಕೊಂಡು ಕೇಳಿದನಂತೆ. "ಬುದ್ಧೀ, ಜನ ಕೇಳ್ತಾರೆ, ಕೆಲಸ ಅಂದ್ರೆ ಯಾವುದು ಅಂತ ಹೇಳಲಿ?"

ದೊರೆ ಹುಟ್ಟಿದಾಗಿನಿಂದ ಕೆಲಸ ಮಾಡಿರಲಿಲ್ಲ, ಮಾಡುವವರನ್ನು ಮಹಡಿಯಿಂದ ನೋಡಿದ್ದ ಅಷ್ಟೆ. "ಬಗ್ಗಿ ಎತ್ತೋದೆಲ್ಲ ಕೆಲಸ" ಅಂದ. "ಎತ್ತಿದ ಕೈಯನ್ನ ಕಡಿಸ್ತೀನಿ."

ಊರೂರಿಗೆ ಕಾವಲಿನವರು ಬಂದು ನಿಂತರು.

ಮೊದಮೊದಲು ಜನಕ್ಕೆ ಹಿತವಾಗಿಯೇ ಇತ್ತಂತೆ. ಸುಳ್ಳು ಯಾಕೆ ಹೇಳಬೇಕು? ಹುಟ್ಟಿದ ಮೇಲೆ ಒಂದು ದಿನವಾದರೂ ಸುಮ್ಮನೆ ಕೂತಿರದ ಜನ ಅದು. ಊರು ಜಗಲಿಗಳ ಮೇಲೆ ಕೂತಿತು. ತಿಪ್ಪವ್ವನೂ ಕೂತಳು. ತನ್ನ ಅಂಗೈಯನ್ನು ಮೊದಲ ಸಲ ಪೂರ್ತಿ ನೋಡಿದಳು. ಕುಡುಗೋಲಿನ ಗೀರು, ಬೀಸುಕಲ್ಲಿನ ಗೂಟ ಮಾಡಿದ ಜಡ್ಡು. ಇದು ಯಾರ ಕೈ ಅನ್ನಿಸಿತು. ಮೋಡ ಹೋಗುವುದನ್ನು ನೋಡಿದಳು. ನೆರಳು ಅಂಗಳದ ಈ ಕಡೆಯಿಂದ ಆ ಕಡೆಗೆ ನಡೆದು ಹೋಗುವುದನ್ನು ನೋಡಿದಳು. ಬುಟ್ಟಿಯ ಹೆಂಗಸು ಆ ನೆರಳಿನೊಳಗಿಂದ ಬಂದ ಹಾಗಾಗುತ್ತಿತ್ತು, ಮುಖ ಕಾಣುವ ಮೊದಲೇ ಹೊರಟು ಹೋಗುತ್ತಿದ್ದಳು. ಕಣ್ಣು ತೆರೆದೇ ಕನಸು. ಊರಿಗೆ ಊರೇ ಹಾಗೆ, ಹತ್ತಿಯೊಳಗೆ ಸುತ್ತಿಟ್ಟ ಹಾಗೆ, ತೇಲಿತಂತೆ. ಮಗ್ಗ ಸದ್ದು ಮಾಡಲಿಲ್ಲ. ಒಲೆ ಹೊಗೆ ಬಿಡಲಿಲ್ಲ. ಬಾವಿಯೊಳಗೆ ಆಕಾಶ ಕದಡದೆ ನಿಂತಿತು.

ಆಮೇಲೆ ಹಸಿವಾಯಿತು.

ಇದ್ದ ಒಣ ರೊಟ್ಟಿ ಮುಗಿಯಿತು. ಕೊಡದ ನೀರು ತಳ ಕಂಡಿತು. ಕರೆಯುವವರಿಲ್ಲದೆ ಎಮ್ಮೆಗಳ ಕೆಚ್ಚಲು ಬಿಗಿದು, ಅವು ಬೀದಿಯಲ್ಲಿ ನಿಂತು ಕೂಗಿದವು. ಮೇವು ಹಾಕುವವರಿಲ್ಲದೆ ಕರುಗಳು ಸತ್ತವು. ಅರಮನೆಯಲ್ಲಿ ಕಣಜ ತುಂಬಿತ್ತು. ಅಲ್ಲಿ ಅಡುಗೆ ಮಾಡುವವರು ಬಗ್ಗುತ್ತಿದ್ದರು, ಎತ್ತುತ್ತಿದ್ದರು, ಅವರ ಕೈಯನ್ನು ಯಾರೂ ಕಡಿಯಲಿಲ್ಲ. ಯಾಕೆ ಬದುಕಬೇಕು ಅನ್ನುವ ದೊಡ್ಡ ಮಾತನ್ನು ಹೊಟ್ಟೆ ತುಂಬಿದವನು ಕೇಳಿದ, ಅದರ ಉಪವಾಸವನ್ನು ಬೇರೆಯವರು ಮಾಡಿದರು.

ತಿಪ್ಪವ್ವನಿಗೆ ಇದೆಲ್ಲಕ್ಕಿಂತ ಬೇರೆಯ ಭಯ. ಆಚೆ ಬೀದಿಯವಳು ಬಂದು, "ಅತ್ತೆ, ಕೋಪ ಮಾಡ್ಕೋಬ್ಯಾಡ, ನಿನ್ನ ಮೊಮ್ಮಗೂನ ಎತ್ತೋಕಾಗಲ್ಲ. ನನ್ನ ಕೈ ಹೋದ್ರೆ ನನ್ನ ಮಕ್ಕಳನ್ನ ಎತ್ತೋರು ಯಾರು?" ಅಂತ ಹೇಳಿ ಅತ್ತು ಹೋದಳು. ತಿಪ್ಪವ್ವ ಏನು ಅಂತ ಬೈದಾಳು?

ಒಂದು ದಿನ ನಸುಕಿನಲ್ಲಿ ಪಾಲಕ್ಕನಿಗೆ ನೋವು ಬಂತು. ಹುಟ್ಟಬೇಕಾದ್ದು ದೊರೆಯ ಅಪ್ಪಣೆ ಕೇಳಲಿಲ್ಲ, ಹುಟ್ಟಿತು. ಹೆಣ್ಣುಕೂಸು. ತಿಪ್ಪವ್ವ ಹೊಕ್ಕುಳ ಬಳ್ಳಿ ಕೊಯ್ದು, ಒರೆಸಿ, ಮೊರದಲ್ಲಿ ಹಳೇ ಸೀರೆ ಹಾಸಿ ಮಲಗಿಸಿದಳು. ಪಾಲಕ್ಕ ಅವಳ ಸೆರಗು ಹಿಡಿದಳು.

"ಅವ್ವಾ, ಇಟ್ರೆ ಎತ್ತೋರಿಲ್ಲ. ಇಡದಿದ್ರೆ ಉಳಿಯಲ್ಲ. ಏನು ಮಾಡ್ತೀಯವ್ವ?"

"ನನ್ನನ್ನೂ ಎತ್ತೋರಿರಲಿಲ್ಲ ಕಣೇ" ಅಂದಳು ತಿಪ್ಪವ್ವ. ಮೊರ ಹಿಡಿದು ಬಾಗಿಲಿಗೆ ನಡೆದಳು.

ಬಾಗಿಲಲ್ಲಿ ಕಾವಲಿನವನು ಅಡ್ಡ ನಿಂತ. "ಏನಜ್ಜೀ, ಎತ್ತಿಕೊಂಡು ಹೊಂಟಿದ್ದೀಯಲ್ಲ?"

"ಎತ್ತಿಲ್ಲಪ್ಪ. ಇಳಿಸೋಕೆ ಹೊಂಟಿದ್ದೀನಿ. ನಿಮ್ಮ ದೊರೆ ಇಳಿಸಬ್ಯಾಡಿ ಅಂದಿದ್ದಾನಾ?"

ಅವನು ಯೋಚಿಸಿದ. ಅವನ ಮನೆಯಲ್ಲೂ ಹಸುಗೂಸು ಇತ್ತು. ದಾರಿ ಬಿಟ್ಟ.

ಊರ ತುಂಬ ಮಂಜು. ತಿಪ್ಪವ್ವ ಮೊರವನ್ನು ತಿಪ್ಪೆಯ ಮೇಲೆ ಇಟ್ಟು, "ಇದು ನಮಗೆ ಬೇಡದ ಕಸ" ಅಂದು ಬೆನ್ನು ತಿರುಗಿಸಿದಳು. ಕೂಸು ಅತ್ತಿತು. ಜಗಲಿಗಳ ಮೇಲೆ ಕೂತ ಜನ ನೋಡಿದರು. ಪಕ್ಕದ ಜಗಲಿಯಲ್ಲಿ ದುರುಗವ್ವನೂ ಮೊಣಕಾಲಿಗೆ ಗಲ್ಲ ಕೊಟ್ಟು ನೋಡುತ್ತಿದ್ದಳು. ಯಾರೂ ಏಳಲಿಲ್ಲ.

ಆಗ ರೆಕ್ಕೆಯ ಸದ್ದಾಯಿತು. ಆ ಬೂದಿ ಬಣ್ಣದ ಹಕ್ಕಿ ಎಲ್ಲಿಂದಲೋ ಹಾರಿ ಬಂದು ಮೊರದ ಅಂಚಿನ ಮೇಲೆ ಕೂತಿತು. ಅದರ ಹಿಂದೆಯೇ ಮಂಜಿನೊಳಗಿಂದ ದೊರೆ ಬಂದ. ಹೆಗಲಿಂದ ಹಕ್ಕಿ ಎದ್ದು ಹಾರಿತ್ತು, ಅದರ ಹಿಂದೆ ಹಾಸಿಗೆಯಿಂದ ಎದ್ದವನು ಎದ್ದ ಹಾಗೇ ನಡೆದು ಬಂದಿದ್ದ. ಬರಿಗಾಲು. ನೆಲ ಮೆಟ್ಟಿ ಅಭ್ಯಾಸವಿಲ್ಲದ ಕಾಲು, ಕೋಳಿಯ ಹಾಗೆ ಎತ್ತಿ ಎತ್ತಿ ಇಡುತ್ತಿದ್ದ.

ಹಕ್ಕಿ ಕೂಸಿನ ಕಡೆ ಬಗ್ಗಿ ಕೇಳಿತು: "ಯಾಕೆ ಬಂದೆ?"

ಕೂಸು ಅತ್ತಿತು.

ದೊರೆಯ ಕಣ್ಣು ಹೊಳೆದವು. "ಸುಮ್ಮನಿರಿ!" ಅಂತ ಕೂಗಿದ. "ಯಾರೂ ಮುಟ್ಟಬೇಡಿ. ಇದು ಈಗ ತಾನೇ ಆ ಕಡೆಯಿಂದ ಬಂದದ್ದು. ನಮಗೆಲ್ಲ ಮರೆತಿದೆ, ಇದಕ್ಕೆ ನೆನಪಿರುತ್ತದೆ. ಹೇಳಲಿ, ಯಾಕೆ ಬಂದೆ ಅಂತ ಇದೇ ಹೇಳಲಿ!"

"ಯಾಕೆ ಬಂದೆ?" ಅಂತು ಹಕ್ಕಿ. ಕೂಸಿನ ಅಳು ಸಣ್ಣದಾಯಿತು. "ಯಾಕೆ ಬಂದೆ?" ಇನ್ನೂ ಸಣ್ಣದಾಯಿತು. ತಿಪ್ಪವ್ವ ಬೆನ್ನು ತಿರುಗಿಸಿ ನಿಂತಿದ್ದಳು. ತಿರುಗಿದರೆ ಸಾವಿಗೆ ಗೊತ್ತಾಗುತ್ತದೆ, ಇದು ಕಸವಲ್ಲ ಅಂತ. ತಿರುಗದೆ ನಿಂತರೆ ಅಳು ನಿಂತೇ ಹೋಗುತ್ತದೆ. ಎದುರಿನ ಗೋಡೆ ಅವಳ ಕಣ್ಣಿಗೆ ಅಲ್ಲಾಡಿತು. ಬುಟ್ಟಿಯವಳೇ, ಎಲ್ಲಿದ್ದೀಯ, ಅಂತ ಒಳಗೇ ಕೂಗಿಕೊಂಡಳು. ಹೊರೆ ಇಳಿಸು, ಬಗ್ಗು, ತಾಯಿ.

ಹಿಂದೆ ಯಾರೋ ಧಡಬಡ ನಡೆದು ಬಂದ ಸದ್ದಾಯಿತು.

"ಥೂ ನಿಮ್ಮ ಬಾಯಿಗೆ ಮಣ್ಣು ಹಾಕ! ಮೊಲೆ ಕೊಡದೆ ಕಥೆ ಹೇಳು ಅಂತೀರಾ ಕೂಸಿಗೆ? ಸರಿಯೋ ಆಚೆ!" ಇದು ದುರುಗವ್ವನ ಗಂಟಲು. ಊರಲ್ಲಿ ಅಷ್ಟು ಕೆಟ್ಟ ಗಂಟಲು ಇನ್ನೊಂದಿರಲಿಲ್ಲ. ತಿಪ್ಪವ್ವನಿಗೆ ಅವತ್ತು ಅದು ಹಾಡಿನ ಹಾಗೆ ಕೇಳಿತಂತೆ. ದುರುಗವ್ವ ದೊರೆಯನ್ನು ಮೊಣಕೈಯಲ್ಲಿ ತಳ್ಳಿ, ಬಗ್ಗಿ, ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡಳು. "ಯಾರದೋ ಕಸ, ನನಗಿರಲಿ."

ಅಳು ನಿಂತಿತು. ಆದರೆ ಇದು ಬೇರೆ ಥರ ನಿಂತದ್ದು.

ಹಕ್ಕಿ ದುರುಗವ್ವನನ್ನು ಕೇಳಿತು: "ಯಾಕೆ ಎತ್ತಿದೆ?"

"ಅಳ್ತಿತ್ತು, ಎತ್ತಿದೆ. ಕಿವಿ ಇಲ್ವ ನಿನಗೆ?"

ಹಕ್ಕಿ ಮುಂದೆ ಏನೂ ಕೇಳಲಿಲ್ಲ. ರೆಕ್ಕೆ ಮಡಚಿಕೊಂಡು ಸುಮ್ಮನೆ ಕೂತಿತು. ಅದು ಸುಮ್ಮನಾದದ್ದನ್ನು ದೊರೆ ಮೊದಲ ಸಲ ಕಂಡದ್ದು. ಕೈ ಕಡಿಯಿರಿ ಅನ್ನಬೇಕಾದವನು ಮಂಕು ಹಿಡಿದವನ ಹಾಗೆ ನಿಂತ. ತಿಪ್ಪವ್ವ ಈ ಕಡೆ ತಿರುಗಿದಳು. ಇಡೀ ಜೀವಮಾನ ಹುಡುಕಿದ ಮಾತು ಇಷ್ಟೇ ಇತ್ತಾ? ಅಳ್ತಿತ್ತು, ಎತ್ತಿದೆ. ಬುಟ್ಟಿಯವಳ ಮುಖ ಅವಳಿಗೆ ಆಗ ಕಂಡಿತಂತೆ. ಅದು ದುರುಗವ್ವನ ಹಾಗೇ ಗಂಟು ಮುಖವಾಗಿತ್ತು.

"ನನ್ನನ್ನ ಯಾರು ಎತ್ತಿದರು?" ಅಂತ ದೊರೆ ಕೇಳಿದ. ಮಗುವಿನ ದನಿಯಲ್ಲಿ ಕೇಳಿದ.

"ನಿನ್ನನ್ನ ನೆಲಕ್ಕೇ ಬಿಟ್ಟಿಲ್ಲವಲ್ಲಪ್ಪ, ಎತ್ತೋದೆಲ್ಲಿಂದ?" ಅಂದಳು ತಿಪ್ಪವ್ವ.

ದೊರೆ ನೋಡಿದ ನೋಡಿದ, ಹೋಗಿ ತಿಪ್ಪೆಯ ಮೇಲೆ ಮಲಗಿಬಿಟ್ಟನಂತೆ. ಸಗಣಿ, ಬೂದಿ, ರಾಗಿ ಹೊಟ್ಟು, ಎಲ್ಲದರ ನಡುವೆ ಮೊಣಕಾಲು ಮಡಚಿ ಮಲಗಿದ. "ನನ್ನನ್ನೂ ಎತ್ತಿ" ಅಂದ.

ಕಾವಲಿನವರು ಓಡಿ ಬಂದು ಬಗ್ಗಿದರು. ತಿಪ್ಪವ್ವ ಅಡ್ಡ ಬಂದಳು.

"ಏಯ್, ನಿಮ್ಮ ಕೈ ನಿಮಗೆ ಬ್ಯಾಡವಾ? ಬಗ್ಗಿ ಎತ್ತೋದೆಲ್ಲ ಕೆಲಸ. ಎತ್ತಿದ ಕೈಗೆ ಕತ್ತಿ. ಇವನೇ ಹೇಳಿದ್ದಲ್ವಾ?"

ಕಾವಲಿನವರ ಕೈ ಗಾಳಿಯಲ್ಲೇ ನಿಂತಿತು. ದೊರೆ ಮಲಗಿದಲ್ಲಿಂದಲೇ ಕೂಗಿದ: "ಆ ಅಪ್ಪಣೆ ಹೋಯಿತು! ಯಾರು ಏನನ್ನು ಬೇಕಾದರೂ ಎತ್ತಬಹುದು!"

ಅಂದದ್ದೇ ತಡ, ಊರು ಎದ್ದಿತು. ಹೆಂಗಸರು ಕೊಡ ಎತ್ತಿಕೊಂಡು ಬಾವಿಗೆ ಓಡಿದರು. ಗಂಡಸರು ಮೇವಿನ ಹೊರೆ ಎತ್ತಿಕೊಂಡು ಕೊಟ್ಟಿಗೆಗೆ ಓಡಿದರು. ಕಾವಲಿನವರಿಗೂ ಊರಿತ್ತು, ಮನೆಯಿತ್ತು, ಈಟಿ ಬಿಸಾಕಿ ಓಡಿದರು. ಒಲೆ ಹೊತ್ತಿತು, ಮಗ್ಗ ಮಾತಾಡಿತು, ಬಾವಿಯೊಳಗಿನ ಆಕಾಶ ಕದಡಿತು. ಎಲ್ಲರಿಗೂ ಎತ್ತುವುದಕ್ಕೆ ಏನಾದರೂ ಇತ್ತು. ತಿಪ್ಪೆಯ ಮೇಲೆ ಮಲಗಿದ ದೊರೆ ಯಾರಿಗೂ ನೆನಪಾಗಲಿಲ್ಲ.

ತಿಪ್ಪವ್ವ ಒಂದು ಹಿಡಿ ತೌಡು ತಂದು ದುರುಗವ್ವನ ಮುಂದೆ ಹಿಡಿದಳು. ದುರುಗವ್ವ ಮುಟ್ಟಿ ನೋಡಿದಳು.

"ಇದರಾಗೆ ತೌಡಿಗಿಂತ ಹೊಟ್ಟು ಜಾಸ್ತಿ ಐತೆ."

"ನಿನ್ನ ಕೋಳಿ ತಿಂದು ಉಳಿಸಿದ್ದು ಇಷ್ಟೇ."

"ಹಂಗಾದ್ರೆ ಕೂಸು ನನಗೇ ಇರಲಿ ಬಿಡು."

"ಕೊಡ್ತೀಯೋ ಇಲ್ವೋ ಮುಂಡೇದೇ!"

ಎಷ್ಟೋ ಕಾಲದ ಮೇಲೆ ಇಬ್ಬರೂ ಮಾತಾಡಿದ್ದು ಹೀಗೆ. ದುರುಗವ್ವ ತೌಡನ್ನು ಸೆರಗಿಗೆ ಸುರಿದುಕೊಂಡು, "ಇದರ ಹೆಸರೂ ತಿಪ್ಪವ್ವ. ಅಜ್ಜಿಯೂ ಕಸ, ಮೊಮ್ಮಗಳೂ ಕಸ" ಅಂತ ಹೆಸರಿಟ್ಟು, ಕೂಸನ್ನು ಪಾಲಕ್ಕನ ಮಡಿಲಿಗೆ ಹಾಕಿದಳು. ಕೂಸು ಮೊಲೆ ಕಚ್ಚಿತು. ಪಾಲಕ್ಕ ಅತ್ತಳು. ತಿಪ್ಪವ್ವ ಒಲೆ ಹಚ್ಚುವ ನೆವದಲ್ಲಿ ಹೊಗೆಯಲ್ಲಿ ಮುಖ ಇಟ್ಟಳು.

ದೊರೆ ಮಲಗೇ ಇದ್ದ. ಬಿಸಿಲೇರಿತು, ಬಿಸಿಲಿಳಿಯಿತು. ಕೆಳಗಿಂದ ನೋಡಿದರೆ ಲೋಕ ಬೇರೆಯಾಗಿತ್ತು. ನಡೆಯುವ ಪಾದಗಳು, ತೂಗುವ ಕೈಗಳು, ಒಂದು ಕೈಯಿಂದ ಇನ್ನೊಂದು ಕೈಗೆ ಏರುವ ಕೊಡಗಳು. ಒಬ್ಬರು ಬಗ್ಗುತ್ತಾರೆ, ಇನ್ನೊಬ್ಬರ ಹೊರೆ ಮೇಲೇಳುತ್ತದೆ. ಅವನ ಎದೆಯ ಮೇಲೆ ದುರುಗವ್ವನ ಕೋಳಿಯೊಂದು ನಡೆದು ಹೋಯಿತು. ಯಾರಾದರೂ ಬರುತ್ತಾರೆ ಅಂತ ಕಾದ. ಅಳು ಬಂತು, ಅತ್ತ. ಅಷ್ಟು ದೊಡ್ಡ ಗಂಡಸು ಅತ್ತರೆ ಯಾರು ಎತ್ತುತ್ತಾರೆ? ಕರುಗಳು ಸತ್ತಾಗ ಅವನಿಗೆ ಕೇಳಿಸಿರಲಿಲ್ಲ, ಈಗ ಅವನ ಅಳು ಊರಿಗೆ ಕೇಳಿಸಲಿಲ್ಲ.

ಸಂಜೆಗೆ ತಿಪ್ಪವ್ವ ಬುಟ್ಟಿ, ಸಲಿಕೆ ಹಿಡಿದು ಬಂದಳು. ಹೊಲಕ್ಕೆ ಗೊಬ್ಬರ ಹೋಗುವುದು ತಡವಾಗಿತ್ತು. ದೊರೆಯ ಪಕ್ಕದಲ್ಲೇ ಅಗೆದು ಬುಟ್ಟಿ ತುಂಬಿದಳು. ಅವನ ಕಡೆ ನೋಡಲೂ ಇಲ್ಲ. ತಲೆಗೆ ಸಿಂಬಿ ಇಟ್ಟುಕೊಂಡಳು, ಬುಟ್ಟಿಗೆ ಕೈ ಹಾಕಿದಳು, ಮೊಣಕಾಲಿನವರೆಗೆ ಬಂತು, ಮೇಲೆ ಬರಲಿಲ್ಲ. ತುಂಬಿದ ಬುಟ್ಟಿ ಒಬ್ಬರಿಂದ ತಲೆಗೇರುವುದಲ್ಲ. ಆಚೆ ನೋಡಿದಳು, ಈಚೆ ನೋಡಿದಳು. ಪಾಲಕ್ಕ ಬಾಣಂತಿ. ದುರುಗವ್ವ ನೀರಿಗೆ ಹೋಗಿದ್ದಳು.

"ಏಯ್ ಇವನೇ" ಅಂದಳು. "ಸುಮ್ಮನೆ ಬಿದ್ಕೊಂಡಿದ್ದೀಯಲ್ಲ. ಒಂದು ಕೈ ಹಾಕು ಬಾ, ಎತ್ತಿಕೊಡು."

ದೊರೆ ಎದ್ದ.

ತಲೆಯಲ್ಲಿ ಹೊಟ್ಟು, ಬೆನ್ನಲ್ಲಿ ಸಗಣಿ. ಬಂದು ಬುಟ್ಟಿಯ ಆ ಕಡೆ ಹಿಡಿದ. ಹಿಡಿಯುವುದು ಗೊತ್ತಿರಲಿಲ್ಲ, ಅರ್ಧ ಗೊಬ್ಬರ ತನ್ನ ಕಾಲ ಮೇಲೇ ಸುರಿದುಕೊಂಡ. "ತಳಕ್ಕೆ ಕೈ ಕೊಡೋ, ಅಂಚು ಹಿಡಿದ್ರೆ ಕಿತ್ತು ಬರ್ತದೆ" ಅಂತ ಬೈಸಿಕೊಂಡ. ಮತ್ತೆ ತುಂಬಿದರು. ಮತ್ತೆ ಬಗ್ಗಿದ. ಬುಟ್ಟಿ ಎದ್ದಿತು, ತಿಪ್ಪವ್ವನ ತಲೆಯ ಮೇಲೆ ಕೂತಿತು.

ಹಕ್ಕಿ ಗೋಡೆಯ ಮೇಲಿಂದ ಎಲ್ಲ ನೋಡುತ್ತಿತ್ತು. ಕತ್ತು ಓರೆ ಮಾಡಿ ಮೊದಲ ದಿನದ ಮಾತನ್ನೇ ಕೇಳಿತು: "ಯಾಕೆ ಎದ್ದೆ?"

"ಈ ಅಜ್ಜಿ ಕರೆದಳು" ಅಂದ ದೊರೆ.

ಹಕ್ಕಿ ರೆಕ್ಕೆ ಬಿಚ್ಚಿ ಹಾರಿ ಹೋಯಿತು. ದೊರೆ ಬಗ್ಗಿ ನೋಡಿದನಂತೆ, ಕಾಲ ಕೆಳಗೆ ನೆಲ ಗಟ್ಟಿಯಾಗಿತ್ತು.

ತಿಪ್ಪವ್ವ ಅವನಿಗೆ ಒಳ್ಳೇ ಮಾತೇನೂ ಹೇಳಲಿಲ್ಲ. "ನಿನ್ನ ಯೋಚನೆಗೆ ನಮ್ಮ ಕರುಗಳು ಸತ್ತವು. ಅದನ್ನ ಮರೆಯಲ್ಲ ನಾನು. ಇನ್ನೂ ಬಹಳ ಬುಟ್ಟಿ ಅದಾವೆ, ನಾಳೆ ಬೆಳಿಗ್ಗೆ ಬಾ" ಅಂದು, ತಲೆಯ ಹೊರೆ ಅಲ್ಲಾಡದ ಹಾಗೆ ಹೊಲದ ದಾರಿ ಹಿಡಿದಳು. ದೊರೆ ಮರುದಿನ ಬಂದ ಅಂತ ಹೇಳುವವರೂ ಇದ್ದಾರೆ, ಬರಲಿಲ್ಲ ಅನ್ನುವವರೂ ಇದ್ದಾರೆ. ಬರಲಿಲ್ಲ ಅನ್ನುವವರು ದೊರೆಗಳನ್ನು ಹೆಚ್ಚು ಕಂಡವರು.

ಕೂಸು ಮಾತ್ರ ಉಳಿಯಿತು. ಅಂಬೆಗಾಲಿಟ್ಟಿತು, ನಡೆಯಿತು, ದುರುಗವ್ವನ ಕೋಳಿಗಳನ್ನು ಅಟ್ಟಿಸಿಕೊಂಡು ಹೋಗುವಷ್ಟು ದೊಡ್ಡದಾಯಿತು. ಆ ಬೂದಿ ಹಕ್ಕಿ ಈಗಲೂ ನಸುಕಿನಲ್ಲಿ ಮನೆ ಮನೆಯ ಸೂರಿನ ಮೇಲೆ ಬಂದು ಕೂರುತ್ತದಂತೆ. ಯಾಕೆ ಎದ್ದೆ ಅಂತ ಕೇಳುತ್ತದಂತೆ. ಆ ಊರಿನವರು ಕೊಡ ಎತ್ತುತ್ತಾ, ಇರು, ಯಾರೋ ಕರೀತಿದ್ದಾರೆ, ಅನ್ನುತ್ತಾರಂತೆ.

ಅವರ ಹೊರೆ ಅವರ ಹೊಲ ಸೇರಿತು, ಕಥೆಯ ಹೊರೆ ಇಲ್ಲಿಗೆ ಇಳಿಯಿತು. ಇನ್ನು ಹೊರುವವರು ಹೊರಲಿ, ಪಕ್ಕದಲ್ಲಿ ಕೂತವರು ಒಂದು ಕೈ ಹಾಕಲಿ.